ತಾಲ್ಲೂಕಿಗೊಂದು ಓಡುವ ವಿಸಿಆರ್

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳ ಜನ ಸಂಜೆಯಾದರೆ ಟಿವಿ ಮುಂದೆ ಕೂಡುತ್ತಿದ್ದರು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಕಾರ್ಯಕ್ರಮಗಳನ್ನು ನೇರ ಹಳ್ಳಿಗೇ ಮುಟ್ಟಿಸುವ ‘ಸೈಟ್’ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆರಿಸಿದ್ದು ಈ ಮೂರು ಜಿಲ್ಲೆಗಳನ್ನು. ಯಾದಗಿರಿ, ಶಹಾಪುರ, ಸುರಪುರ ಆಗ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ಹಿಂದುಳಿದ ಸೀಮೆ ಎಂದು ಇವತ್ತಿಗೂ ಕರೆಸಿಕೊಳ್ಳುವ ಈ ಭಾಗ ಟಿವಿಯ ವಿಷಯದಲ್ಲಿ ರಾಜಧಾನಿಗಿಂತ ಆರು ವರ್ಷ ಮುಂದಿತ್ತು.

ಆದರೆ ಅದು ಮೇಲಿನಿಂದ ಇಳಿದು ಬಂದ ಟಿವಿ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಮಾತುಗಳನ್ನು ಬೇರೆಲ್ಲೋ ಕೂತವರು ಸಿದ್ಧಪಡಿಸುತ್ತಿದ್ದರು. ಹಳ್ಳಿಯದು ನೋಡುವ ಕೆಲಸ ಮಾತ್ರ. ಸುರಪುರ, ಶಹಾಪುರದ ಸೀಮೆಯಾದ ಸಗರನಾಡಿನ ಜನ ಪರದೆಯ ಮೇಲೆ ತಮ್ಮನ್ನು ತಾವು ಕಂಡದ್ದು ವಿಎಚ್‌ಎಸ್ ಕ್ಯಾಸೆಟ್ ಬಂದ ಮೇಲೆ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶದಲ್ಲಿ ಬಣ್ಣದ ಟಿವಿ ಬಂತು, ಅದರ ಬೆನ್ನಿಗೇ ವಿಸಿಆರ್ ಊರೂರು ತಲುಪಿತು. ಮೊದಮೊದಲು ಅದು ಬಾಡಿಗೆ ಸಾಮಾನು. ಗಣಪತಿ ಹಬ್ಬಕ್ಕೋ ಜಾತ್ರೆಗೋ ಟಿವಿ, ವಿಸಿಆರ್, ಮೂರ್ನಾಲ್ಕು ಸಿನಿಮಾ ಕ್ಯಾಸೆಟ್ ತಂದು ಓಣಿಯೆಲ್ಲ ಬೆಳಗಿನವರೆಗೆ ಕೂತು ನೋಡುತ್ತಿತ್ತು. ಮುಂದೆ ಫೋಟೊ ಸ್ಟುಡಿಯೊದವರು ಹೆಗಲ ಮೇಲೆ ಹೊರುವ ವಿಡಿಯೊ ಕ್ಯಾಮೆರಾ ಕೊಂಡರು. ಲಗ್ನದ ಹಂದರಕ್ಕೆ ಕ್ಯಾಮೆರಾ ಬಂತು. ಅದರ ಪಕ್ಕದಲ್ಲಿ ಕಣ್ಣು ಕುಕ್ಕುವ ಹ್ಯಾಲೊಜೆನ್ ದೀಪ ಹಿಡಿದ ಹುಡುಗನೂ ಬಂದ. ಲಗ್ನದಿಂದ ಶುರುವಾದ ‘ಶೂಟಿಂಗ್’ ಜಾತ್ರೆ, ತೇರು, ಊರ ನಾಟಕ, ಶಾಲೆಯ ಗ್ಯಾದರಿಂಗ್, ಮಠದ ಪುರಾಣ ಮಂಗಲ ಎಲ್ಲಕ್ಕೂ ಹಬ್ಬಿತು.

ಆ ಕ್ಯಾಸೆಟ್ಟುಗಳು ಇವತ್ತು ಟ್ರಂಕಿನ ತಳದಲ್ಲಿ, ಗೋಡೆಯ ಗೂಡಿನಲ್ಲಿ, ಸ್ಟುಡಿಯೊದ ಅಟ್ಟದ ಮೇಲೆ ಬಿದ್ದಿವೆ. ಅವುಗಳ ಬಗ್ಗೆ ನನ್ನ ವಾದ ಇಷ್ಟು: ಈ ನಾಡಿನ ಜನಜೀವನಕ್ಕೆ ಇಲ್ಲಿನ ಜನರೇ ಬರೆದುಕೊಂಡ ದೊಡ್ಡ ದಾಖಲೆ ಅವು. ಅವನ್ನು ಉಳಿಸುವುದೆಂದರೆ ಅವನ್ನು ಓದುವ ಯಂತ್ರವನ್ನೂ ಆ ಯಂತ್ರ ಬಲ್ಲ ಕೈಯನ್ನೂ ಕೆಲಸದಲ್ಲಿ ಇಟ್ಟುಕೊಳ್ಳುವುದು. ‘ಒಮ್ಮೆ ಪೆನ್‌ಡ್ರೈವಿಗೆ ಹಾಕಿಸಿ ಬಿಸಾಕಿದರಾಯಿತು’ ಎಂಬ ರೂಢಿಯ ಮಾತು ಅರ್ಧ ಸತ್ಯ, ಉಳಿದರ್ಧದಲ್ಲಿ ನಷ್ಟವಿದೆ.

ದಾಖಲೆ ಎಂದು ಏಕೆ ಹೇಳುತ್ತೇನೆ? ಸುರಪುರವನ್ನೇ ತೆಗೆದುಕೊಳ್ಳಿ. 1840, 50ರ ದಶಕಗಳ ಸುರಪುರದ ಬಗ್ಗೆ ನಮಗಿರುವ ವಿವರವಾದ ಬರಹಗಳಲ್ಲಿ ಮುಖ್ಯವಾದದ್ದು ಫಿಲಿಪ್ ಮೆಡೋಸ್ ಟೇಲರನದು. ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಅಧಿಕಾರಿ ಅವನು. ಅವನು ತೀರಿದ ಮರುವರ್ಷ, 1877ರಲ್ಲಿ, ಆತ್ಮಕಥೆ ಅಚ್ಚಾಯಿತು. 1858ರಲ್ಲಿ ರಾಜ ದುರಂತ ಕಂಡ ಕಥೆಯನ್ನು ಇವತ್ತಿಗೂ ನಾವು ಬಹುಪಾಲು ಆ ಸಾಲುಗಳ ನೆರವಿನಿಂದಲೇ ಹೇಳಿಕೊಳ್ಳುತ್ತೇವೆ. ಟೇಲರನಿಗೆ ಈ ನೆಲದ ಮೇಲೆ ಪ್ರೀತಿಯಿತ್ತು, ನಿಜ. ಆದರೂ ಅದು ಹೊರಗಿನವನ ಕಣ್ಣು, ಆಳುವವನ ಲೇಖನಿ. ಊರಿನ ಓಣಿ ಹೇಗಿತ್ತು, ಹೆಂಗಸರು ಏನು ಹಾಡುತ್ತಿದ್ದರು, ಜಾತ್ರೆಯಲ್ಲಿ ಯಾರು ಎಲ್ಲಿ ನಿಲ್ಲುತ್ತಿದ್ದರು ಎಂಬುದನ್ನು ಊರಿನವರೇ ಎತ್ತಿಟ್ಟುಕೊಳ್ಳಲು ಸಾಧ್ಯವಾದದ್ದು ಒಂದೂವರೆ ಶತಮಾನದ ನಂತರ. ಆ ಸಾಧನ ವಿಡಿಯೊ ಟೇಪು.

ಯಾದಗಿರಿ ಬಳಿಯ ಮೈಲಾಪುರದ ಸಂಕ್ರಾಂತಿ ಜಾತ್ರೆಯಲ್ಲಿ ಭಕ್ತರು ಮಲ್ಲಯ್ಯನ ಪಲ್ಲಕ್ಕಿಯತ್ತ ಕುರಿಮರಿ ಎಸೆಯುತ್ತಿದ್ದ ಕಾಲವಿತ್ತು. ಈಗ ಜಿಲ್ಲಾಡಳಿತ ಅದನ್ನು ನಿಷೇಧಿಸಿ ದಾರಿಯಲ್ಲೇ ಮರಿಗಳನ್ನು ತಡೆಯುತ್ತದೆ. ನಿಷೇಧ ಸರಿಯಾದದ್ದೇ. ಆದರೆ ಆ ಆಚರಣೆ ಹೇಗಿತ್ತು, ಹರಕೆ ಹೊತ್ತ ಕುರುಬರ ಮುಖದಲ್ಲಿ ಏನಿತ್ತು ಎಂದು ನಾಳೆ ಕೇಳುವ ವಿದ್ಯಾರ್ಥಿಗೆ ಉತ್ತರ ಸಿಗುವುದು ಹಳೆಯ ಟೇಪಿನಲ್ಲಿ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಕಂಬ ಏರುವ ಆಟ, ಹಿಂದೂ ಮುಸ್ಲಿಮರಿಬ್ಬರೂ ಸೇರುವ ತಿಂಥಣಿ ಮೌನೇಶ್ವರನ ಜಾತ್ರೆ, ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹೇಳುವ ರಿವಾಯತ ಪದಗಳು, ರಾತ್ರಿಯಿಡೀ ನಡೆಯುವ ದೊಡ್ಡಾಟ, ಪೇಟಿ ಮಾಸ್ತರ ತಿಂಗಳುಗಟ್ಟಲೆ ಕಲಿಸಿದ ಊರ ನಾಟಕ ಇವೆಲ್ಲ ಹಾಡುಗಾರರ ಬಾಯಲ್ಲಿ, ಕುಣಿಯುವವರ ಕಾಲಲ್ಲಿ ಇದ್ದವು. ಪದಗಳ ಪಾಠವನ್ನು ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ಹೆಜ್ಜೆ, ಧಾಟಿ, ಮೇಳದವರು ಒಬ್ಬರಿಗೊಬ್ಬರು ಕೊಡುವ ಕಣ್ಸನ್ನೆ ಪುಸ್ತಕಕ್ಕೆ ಇಳಿಯುವುದಿಲ್ಲ.

ಈ ದಾಖಲೆಯಲ್ಲಿ ಸಮಾನತೆ ಇಲ್ಲ ಎಂಬುದನ್ನೂ ಹೇಳಬೇಕು. ಕ್ಯಾಮೆರಾ ಕರೆಸುವ ತ್ರಾಣ ಇದ್ದವರು ಗೌಡರು, ಸಾಹುಕಾರರು, ನೌಕರಿಯ ಮನೆಯವರು. ಬಡವರ ಲಗ್ನ ಟೇಪಿಗೆ ಏರಿದ್ದು ಕಡಿಮೆ. ಆದರೂ ಕ್ಯಾಮೆರಾ ಯಜಮಾನನ ಮುಖದ ಮೇಲೆಯೇ ನಿಲ್ಲುವುದಿಲ್ಲ, ಅದು ತಿರುಗುತ್ತದೆ. ಹಂದರದ ಅಂಚಿನಲ್ಲಿ ಹಲಗಿ ಬಾರಿಸುವವರು, ಸನಾದಿ ಊದುವವರು, ದೊಡ್ಡ ಹಂಡೆಯ ಮುಂದೆ ಬೆವರುವ ಅಡಿಗೆಯವರು, ಊಟದ ಸಾಲಿಗಾಗಿ ದೂರದಲ್ಲಿ ಕಾಯುವವರು, ನೋಡಲು ಬಂದ ತಾಂಡಾದ ಹೆಂಗಸರು ಒಂದೊಂದು ಕ್ಷಣ ಹಾದು ಹೋಗುತ್ತಾರೆ. ಸ್ಟುಡಿಯೊದಲ್ಲಿ ಒಂದು ಫೋಟೊ ಕೂಡ ತೆಗೆಸಿಕೊಳ್ಳದ ಎಷ್ಟೋ ಜನರ ಚಲಿಸುವ ಚಿತ್ರ ಇರುವುದು ಇನ್ನೊಬ್ಬರ ಲಗ್ನದ ಕ್ಯಾಸೆಟ್ಟಿನ ಹಿನ್ನೆಲೆಯಲ್ಲಿ. ಗುಳೆ ಹೋಗಿ ಬೆಂಗಳೂರು, ಮುಂಬೈ, ಹೈದರಾಬಾದಿನಲ್ಲಿ ಚದುರಿದ ಕುಟುಂಬಗಳಿಗೆ ಊರಿನ ಹಿರಿಯರನ್ನು ನೋಡಲು ಉಳಿದಿರುವ ದಾರಿಯೂ ಕೆಲವೊಮ್ಮೆ ಅದೇ.

ಈಗ ಯಂತ್ರದ ವಿಷಯ. ಕಾಗದವನ್ನು ಕಣ್ಣು ಓದುತ್ತದೆ. ನೂರು ವರ್ಷದ ಖಾತೆ ಪುಸ್ತಕವನ್ನು ಬಿಸಿಲಿಗೆ ಹಿಡಿದರೆ ಸಾಕು. ಟೇಪನ್ನು ಬಿಸಿಲಿಗೆ ಹಿಡಿದರೆ ಕಂದು ಪಟ್ಟಿ ಕಾಣುತ್ತದೆ, ಅಷ್ಟೇ. ಅದನ್ನು ಚಿತ್ರವಾಗಿಸುವುದು ವಿಸಿಆರ್ ಒಂದೇ. ಮುಚ್ಚಳ ಬಿಚ್ಚಿ ನೋಡಿದರೆ ನಡುವೆ ಓರೆಯಾಗಿ ಕೂತ ಸಿಲಿಂಡರ್ ಹೊಳೆಯುತ್ತದೆ. ಅದರ ವ್ಯಾಸ 62 ಮಿ.ಮೀ. ಕ್ಯಾಸೆಟ್ ಹಾಕಿದೊಡನೆ ಎರಡು ಕಡ್ಡಿಗಳು ಸರಿದು ಬಂದು ಅರ್ಧ ಇಂಚು ಅಗಲದ ಟೇಪನ್ನು ಹೊರಗೆಳೆದು ಆ ಸಿಲಿಂಡರಿಗೆ ಸುತ್ತುತ್ತವೆ. ನಮ್ಮ ದೇಶದ ಪಾಲ್ ಟಿವಿ ಪದ್ಧತಿಯಲ್ಲಿ ಅದು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಟೇಪು ಸೆಕೆಂಡಿಗೆ ಎರಡೂಕಾಲು ಸೆಂ.ಮೀ. ಚಿಲ್ಲರೆ ಮಾತ್ರ ಸರಿಯುತ್ತದೆ. ಸಿಲಿಂಡರಿನ ಅಂಚಿನಲ್ಲಿರುವ ಸೂಕ್ಷ್ಮ ಹೆಡ್ಡುಗಳು ಟೇಪಿನ ಮೇಲಿನ ಓರೆ ಗೆರೆಗಳನ್ನು ಒಂದೊಂದಾಗಿ ಓದುತ್ತವೆ. ಕೂದಲಿಗಿಂತ ತೆಳುವಾದ ಆ ಗೆರೆಗೆ ಹೆಡ್ಡು ಸರಿಯಾಗಿ ಕೂರದಿದ್ದರೆ ಪರದೆಯ ಮೇಲೆ ಬಿಳಿ ಪಟ್ಟಿ ಓಡುತ್ತದೆ. ಎರಡು ಬೇರೆ ವಿಸಿಆರ್‌ಗಳು ಒಂದೇ ಟೇಪನ್ನು ಬೇರೆ ಬೇರೆ ಥರ ಓದುವುದೂ ಇದೇ ಕಾರಣಕ್ಕೆ.

ಇಂಥ ಯಂತ್ರ ಈಗ ಎಲ್ಲೂ ತಯಾರಾಗುತ್ತಿಲ್ಲ. ಕೊನೆಯವರೆಗೆ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರ 2015ರಲ್ಲೇ ಎಚ್ಚರಿಸಿತ್ತು: 2025ರೊಳಗೆ ಪ್ರತಿ ಮಾಡಿಕೊಳ್ಳದ ಟೇಪುಗಳು ಬಹುಮಟ್ಟಿಗೆ ಕೈತಪ್ಪಿದಂತೆ. ಯುನೆಸ್ಕೊ ಕೂಡ 2019ರಲ್ಲಿ ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘದ ಜೊತೆಗೂಡಿ ಇದೇ ಎಚ್ಚರಿಕೆ ಸಾರಿತು. ಇವರೆಲ್ಲರ ಆತಂಕ ಟೇಪು ಹಾಳಾಗುತ್ತದೆ ಎಂಬುದಷ್ಟೇ ಆಗಿರಲಿಲ್ಲ. ಟೇಪು ಇದ್ದೂ ಓಡಿಸುವ ಯಂತ್ರ, ಬಿಡಿಭಾಗ, ಬಲ್ಲವರು ಇಲ್ಲವಾಗುತ್ತಾರೆ ಎಂಬುದು ಅದರಷ್ಟೇ ದೊಡ್ಡ ಆತಂಕ. ಆ ಗಡುವಿನ ವರ್ಷ ಬಂದೇ ಬಿಟ್ಟಿತು. ಕ್ಯಾನ್‌ಬೆರಾದ ಭಂಡಾರಕ್ಕೆ ನಿಜವಾದದ್ದು ನಮ್ಮ ಹುಣಸಗಿಯ ಟ್ರಂಕಿಗೂ ನಿಜ.

ಪ್ರತಿ ಮಾಡಿಸಿ ಮೂಲವನ್ನು ಬಿಸಾಕುವುದರ ಫಲವನ್ನು ನಮ್ಮ ಜನ ಈಗಾಗಲೇ ಒಮ್ಮೆ ಉಂಡಿದ್ದಾರೆ. 2000ದ ದಶಕದಲ್ಲಿ ಅನೇಕ ಮನೆಗಳವರು ಲಗ್ನದ ಕ್ಯಾಸೆಟ್ಟನ್ನು ವಿಸಿಡಿಗೆ ಹಾಕಿಸಿದರು. ಪಾಲ್ ಟೇಪಿನಲ್ಲಿ ಚಿತ್ರಕ್ಕೆ 576 ಗೆರೆ, ಸೆಕೆಂಡಿಗೆ 50 ಅರೆಚಿತ್ರ. ವಿಸಿಡಿಯ ಅಳತೆ 352×288, ಸೆಕೆಂಡಿಗೆ 25 ಚಿತ್ರ. ಅಂದರೆ ಗೆರೆಯಲ್ಲೂ ಚಲನೆಯಲ್ಲೂ ಅರ್ಧಕ್ಕರ್ಧ ಅಲ್ಲೇ ಹೋಯಿತು. ಕತ್ತಲ ದೃಶ್ಯಗಳು ಚೌಕ ಚೌಕವಾಗಿ ಒಡೆದವು. ಒಂದು ಡಿಸ್ಕಿಗೆ ಒಂದೂಕಾಲು ಗಂಟೆ ಹಿಡಿಯುತ್ತಿದ್ದುದರಿಂದ ಮೂರು ಗಂಟೆಯ ಲಗ್ನವನ್ನು ಕತ್ತರಿಸಿದರು. ಮನೆಯಲ್ಲಿ ಬರೆದ ಸಿಡಿಗಳ ಬಣ್ಣದ ಪದರ ಬಿಸಿಲು, ಶಾಖಕ್ಕೆ ಮಾಸುತ್ತದೆ. ಈಗ ಅವುಗಳಲ್ಲಿ ಎಷ್ಟೋ ಓದಲು ಬಾರವು. ಮೂಲ ಕ್ಯಾಸೆಟ್ ಇಟ್ಟುಕೊಂಡವರಿಗೆ ಇನ್ನೊಂದು ಅವಕಾಶ ಉಳಿದಿದೆ. ಬಿಸಾಕಿದವರಿಗೆ ಮಸುಕಾದ ಡಿಸ್ಕೇ ಗತಿ. ಇವತ್ತು ಹೆಡ್ಡಿನಿಂದ ಬರುವ ಮೂಲ ಸಂಕೇತವನ್ನೇ ಹಿಡಿದು ಕಂಪ್ಯೂಟರಿನಲ್ಲಿ ಚಿತ್ರ ಕಟ್ಟುವ ವಿಧಾನ ಬಂದಿದೆ. ವಿಸಿಆರ್ ತಾನಾಗಿ ತೋರಿಸಲಾಗದಷ್ಟು ಸ್ಪಷ್ಟತೆಯನ್ನು ಅದು ಹಳೆಯ ಟೇಪಿನಿಂದ ಹೊರತೆಗೆಯಬಲ್ಲದು. ಪ್ರತಿಯೊಂದು ಪ್ರತಿಗೂ ಅದು ಆದ ಕಾಲದ ಮಿತಿ ಅಂಟಿರುತ್ತದೆ. ಮೂಲವನ್ನೂ ಯಂತ್ರವನ್ನೂ ಇಟ್ಟುಕೊಂಡವರು ಮಾತ್ರ ಆ ಮಿತಿಯನ್ನು ಮತ್ತೆ ಮತ್ತೆ ದಾಟಬಲ್ಲರು.

ಇನ್ನೊಂದು ಸಂಗತಿಯನ್ನು ನಾವು ಗಮನಿಸಿದ್ದು ಕಡಿಮೆ. ಲಗ್ನದ ಮನೆಗೆ ಕೊಟ್ಟ ಕ್ಯಾಸೆಟ್ ‘ಮಿಕ್ಸಿಂಗ್’ ಆದದ್ದು. ಹೂವಿನ ಚೌಕಟ್ಟು, ತಿರುಗುವ ಹೆಸರು, ಮೇಲಿಂದ ಸಿನಿಮಾ ಹಾಡು. ಅರಿಶಿಣ ಹಚ್ಚುವಾಗ, ಸುರಗಿ ಸುತ್ತುವಾಗ ಅಜ್ಜಿಯಂದಿರು ಹೇಳಿದ ಸೋಬಾನ ಪದ ಆ ಹಾಡಿನ ಕೆಳಗೆ ಅಳಿದುಹೋಯಿತು. ಅದು ಉಳಿದಿರುವುದಾದರೆ ಸ್ಟುಡಿಯೊದವರ ಹತ್ತಿರ ಉಳಿದ, ಮಿಕ್ಸಿಂಗ್ ಆಗದ ಮಾಸ್ಟರ್ ಟೇಪಿನಲ್ಲಿ. ಮನೆಯವರು ಹಣ ಕೊಟ್ಟು ಕೊಂಡದ್ದಕ್ಕಿಂತ ಸ್ಟುಡಿಯೊದವರು ಬೇಡವೆಂದು ಮೂಲೆಗೆ ಎಸೆದದ್ದು ಇವತ್ತು ಹೆಚ್ಚು ಬೆಲೆಯುಳ್ಳದ್ದು. ವಿಎಚ್‌ಎಸ್ ಟೇಪಿನಲ್ಲಿ ಸಾಮಾನ್ಯ ಧ್ವನಿಯ ಪಟ್ಟಿ ಇರುವುದು ಮೇಲಂಚಿನಲ್ಲಿ, ಕೇವಲ ಒಂದು ಮಿ.ಮೀ. ಅಗಲ. ಅಂಚು ಮುದುಡಿದರೆ ಚಿತ್ರಕ್ಕಿಂತ ಮೊದಲು ಕೆಡುವುದು ದನಿ. ಸಗರನಾಡಿನ ಹೆಣ್ಣುಮಕ್ಕಳ ಹಾಡುಗಾರಿಕೆಯ ಎಷ್ಟೋ ಗಂಟೆಗಳು ಈ ಒಂದು ಮಿ.ಮೀ. ಅಂಚಿನ ಮೇಲೆ ನಿಂತಿವೆ ಎಂಬುದು ನೆನಪಿದ್ದರೆ, ಓಡುವ ವಿಸಿಆರ್ ಹಳೆಯ ಶೋಕಿಯ ವಸ್ತು ಅನ್ನಿಸದು. ಸ್ಟುಡಿಯೊ ಮುಚ್ಚುವಾಗ ಆ ಟೇಪುಗಳು ಮೊದಲು ಗುಜರಿಗೆ ಹೋಗುತ್ತವೆ. ಅದಕ್ಕೂ ಮುಂಚೆ ಅನೇಕವು ಇನ್ನೊಂದು ಲಗ್ನಕ್ಕಾಗಿ ಅಳಿಸಲ್ಪಟ್ಟವು. ಕ್ಯಾಸೆಟ್ಟಿನ ಬೆನ್ನಿನ ಸಣ್ಣ ಪ್ಲಾಸ್ಟಿಕ್ ಹಲ್ಲು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗದು. ಆದರೆ ಆ ತೂತಿಗೆ ಸೆಲೋಟೇಪ್ ಅಂಟಿಸಿದರೆ ಆಗುತ್ತದೆ. ಖಾಲಿ ಕ್ಯಾಸೆಟ್ ದುಬಾರಿಯಾಗಿದ್ದ ದಿನಗಳಲ್ಲಿ ಹೀಗೆ ಒಂದು ಮನೆಯ ನೆನಪಿನ ಮೇಲೆ ಇನ್ನೊಂದು ಮನೆಯ ನೆನಪು ಕೂತಿತು.

ಯಂತ್ರವನ್ನು ‘ಇಟ್ಟುಕೊಳ್ಳುವುದು’ ಬೇರೆ, ‘ಬಳಕೆಯಲ್ಲಿ ಇಡುವುದು’ ಬೇರೆ. ಬಟ್ಟೆ ಮುಚ್ಚಿ ಮೇಲಿಟ್ಟ ವಿಸಿಆರ್ ತಾನಾಗಿಯೇ ಕೆಡುತ್ತದೆ. ರಬ್ಬರಿನ ಬೆಲ್ಟು ಸಡಿಲಾಗಿ ಅಂಟಂಟಾಗುತ್ತದೆ, ಟೇಪನ್ನು ಎಳೆಯುವ ರಬ್ಬರ್ ರೋಲರ್ ಗಟ್ಟಿಯಾಗಿ ಜಾರುತ್ತದೆ, ಗ್ರೀಸು ಮೇಣವಾಗುತ್ತದೆ, ಪವರ್ ಸಪ್ಲೈಯ ಕೆಪಾಸಿಟರುಗಳು ಒಣಗುತ್ತವೆ. ಆಗಾಗ ಓಡಿಸುವ ಯಂತ್ರದಲ್ಲಿ ಕೆಡುಕು ಬೇಗ ಗೊತ್ತಾಗುತ್ತದೆ, ಟೇಪು ಸಿಕ್ಕಿಕೊಳ್ಳುವ ಮೊದಲೇ ಸರಿಪಡಿಸಬಹುದು. ಇದರಲ್ಲಿ ಕೈಚಳಕದ ಪಾಲು ದೊಡ್ಡದು. ಹೆಡ್ಡು ಒರೆಸುವಾಗ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಚರ್ಮದ ತುಂಡನ್ನು ಸಿಲಿಂಡರಿಗೆ ತಾಗಿಸಿ ಅಲುಗದಂತೆ ಹಿಡಿಯಬೇಕು. ಇನ್ನೊಂದು ಕೈಯಿಂದ ಸಿಲಿಂಡರನ್ನು ನಿಧಾನ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯುತ್ತದೆ, ಈಗ ಹೊಸದು ಸಿಗುವುದಿಲ್ಲ. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ನೇರ ಪ್ಲೇ ಮಾಡಬಾರದು. ಪೂರ್ತಿ ಮುಂದಕ್ಕೆ ಸುತ್ತಿ, ಪೂರ್ತಿ ಹಿಂದಕ್ಕೆ ತಂದು, ಬಿಗಿ ಬಿಡಿಸಿಕೊಂಡು ಓಡಿಸಬೇಕು.

ಹವಾಮಾನ ಇಲ್ಲಿ ಒಂದು ಕಡೆ ನಮ್ಮ ಪರ, ಇನ್ನೊಂದು ಕಡೆ ವಿರುದ್ಧ. ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಹಿಡಿಯುವ ಬಿಳಿ ಬೂಷ್ಟು ನಮ್ಮ ಒಣ ಸೀಮೆಯಲ್ಲಿ ಕಡಿಮೆ. ಆದರೆ 42 ಡಿಗ್ರಿ ದಾಟುವ ಬೇಸಿಗೆಯಲ್ಲಿ ಪತ್ರಾಸಿನ ಚಾವಣಿಯ ಕೆಳಗಿಟ್ಟ ಟೇಪು ಡೊಂಕಾಗುತ್ತದೆ, ದೂಳು ಹೆಡ್ಡಿಗೆ ಮೆತ್ತುತ್ತದೆ. ಮಣ್ಣಿನ ಮಾಳಿಗೆ ಮನೆಯ ಗೋಡೆಗೂಡು ಈ ಮಟ್ಟಿಗೆ ಒಳ್ಳೆಯ ಜಾಗ: ತಂಪು, ಕತ್ತಲು. ಕ್ಯಾಸೆಟ್ಟನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಇಟ್ಟರೆ ಸಾಕು.

ಇದಕ್ಕೆಲ್ಲ ಎದುರು ಮಾತುಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕಲಾಗದು. ಮೊದಲನೆಯದು, ಬಡತನದ ಮಾತು. 2009ರ ಡಿಸೆಂಬರಿನಲ್ಲಿ ಹುಟ್ಟಿದ ಯಾದಗಿರಿ ಜಿಲ್ಲೆ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಮೊದಲಲ್ಲವೇ? ಮೊದಲೇ, ಸಂದೇಹವಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ಕಟ್ಟಡವನ್ನಲ್ಲ. ರಿಪೇರಿಯಾದ ಎರಡು ಯಂತ್ರ, ಒಂದು ಕಂಪ್ಯೂಟರ್, ಕೆಲವು ಹಾರ್ಡ್ ಡಿಸ್ಕ್, ಒಬ್ಬರ ಸಂಬಳ. ಡಿವಿ ಎಂಬ ಡಿಜಿಟಲ್ ರೂಪದಲ್ಲಿ ಹಿಡಿದರೆ ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಬೇಕು. ಒಂದು ಟಿಬಿ ಡಿಸ್ಕಿನಲ್ಲಿ ಸುಮಾರು 75 ಗಂಟೆ ಕೂರುತ್ತದೆ. ಬಡ ಜಿಲ್ಲೆಗೆ ತನ್ನ ನೆನಪಿನ ಹಕ್ಕಿಲ್ಲ ಎಂದು ಒಪ್ಪಿಕೊಂಡರೆ, ಅದರ ಬಗ್ಗೆ ನಾಳೆಯೂ ಬರೆಯುವವರು ಹೊರಗಿನವರೇ ಆಗುತ್ತಾರೆ.

ಎರಡನೆಯದು, ಈಗ ಎಲ್ಲರ ಕೈಯಲ್ಲೂ ಫೋನಿದೆ, ಹಳೆಯದರ ಗೊಡವೆ ಏಕೆ ಎಂಬ ಮಾತು. ಫೋನು 1993ರ ಜಾತ್ರೆಯನ್ನು ಹಿಡಿಯಲಾರದು. ಅಲ್ಲದೆ ಫೋನಿನ ವಿಡಿಯೊ ವಾಟ್ಸ್‌ಆ್ಯಪಿನಲ್ಲಿ ಹರಿದಾಡುವಾಗ ಕುಗ್ಗುತ್ತದೆ, ಫೋನು ಬದಲಾದಾಗ ಮಾಯವಾಗುತ್ತದೆ. ಮೂವತ್ತು ವರ್ಷ ಯಾರೂ ಮುಟ್ಟದೆ ಗೂಡಿನಲ್ಲಿ ಬಿದ್ದಿದ್ದ ಕ್ಯಾಸೆಟ್ ಇವತ್ತೂ ಓಡಬಹುದು. ಮೂವತ್ತು ವರ್ಷ ಯಾರೂ ಮುಟ್ಟದ ಫೈಲು ಉಳಿಯುತ್ತದೆಂದು ಭರವಸೆ ಕೊಡುವವರು ಯಾರು? ಕೈಗೆ ಸಿಗುವ ವಸ್ತುವಿಗೆ ಇನ್ನೊಂದು ಬಲವಿದೆ. ಅದು ಕುಟುಂಬದ ಸ್ವತ್ತು. ಯಾವ ಕಂಪನಿಯ ನಿಯಮ ಬದಲಾದರೂ ಅಳಿಯುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ: ಮನೆಯ ಮರ್ಯಾದೆ. ಲಗ್ನದ ಟೇಪಿನಲ್ಲಿ ಹೆಣ್ಣುಮಕ್ಕಳ ಮುಖಗಳಿವೆ, ತೀರಿಹೋದವರಿದ್ದಾರೆ, ಮುರಿದುಹೋದ ಸಂಬಂಧಗಳಿವೆ, ಕೆಲವೆಡೆ ಲಗ್ನದ ವಯಸ್ಸಾಗದ ಮದುಮಗಳೂ ಇದ್ದಾಳೆ. ಇವನ್ನು ಅಂತರ್ಜಾಲಕ್ಕೆ ಹಾಕುವ ಹಕ್ಕು ಯಾರಿಗೂ ಇಲ್ಲ. ಉಳಿಸುವುದಕ್ಕೂ ಪ್ರಕಟಿಸುವುದಕ್ಕೂ ನಡುವೆ ಗಟ್ಟಿ ಗೋಡೆ ಇರಬೇಕು. ಪ್ರತಿ ಮನೆಯವರ ಕೈಗೆ ಸೇರಬೇಕು. ಸಾರ್ವಜನಿಕ ಭಂಡಾರಕ್ಕೆ ಏನು ಹೋಗಬೇಕೆಂಬುದನ್ನು ಅವರೇ, ಅದರಲ್ಲೂ ಚಿತ್ರದಲ್ಲಿರುವ ಹೆಣ್ಣುಮಕ್ಕಳೇ ತೀರ್ಮಾನಿಸಬೇಕು. ಅದೇ ಹೊತ್ತಿಗೆ, ನಾಚಿಕೆ ಹುಟ್ಟಿಸುವ ದೃಶ್ಯವೆಂದು ಟೇಪು ಸುಡುವುದೂ ತಪ್ಪು. ಎಸೆದ ಕುರಿಮರಿ, ಎಳೆಯ ಮದುಮಗಳು, ದೂರ ನಿಂತ ಊಟದ ಸಾಲು ನಾವು ದಾಟಿ ಬಂದ ಅಥವಾ ಇನ್ನೂ ದಾಟಬೇಕಾದ ದಾರಿಯ ಸಾಕ್ಷಿ.

ಒಬ್ಬರಿಂದ ಏನಾದೀತು ಎನ್ನುವವರು ಅಮೆರಿಕದ ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಅವರನ್ನು ನೆನೆಯಬೇಕು. ಗ್ರಂಥಪಾಲಕಿಯಾಗಿದ್ದ ಆಕೆ 1979ರಿಂದ 2012ರಲ್ಲಿ ತೀರುವವರೆಗೆ ಮನೆಯಲ್ಲಿ ಹಲವು ವಿಸಿಆರ್ ಇಟ್ಟು ಹಗಲಿರುಳು ಟಿವಿ ಸುದ್ದಿ ರೆಕಾರ್ಡ್ ಮಾಡಿದರು. ಸುಮಾರು 70,000 ಕ್ಯಾಸೆಟ್ಟುಗಳಾದವು. ಅವು ಈಗ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವಶದಲ್ಲಿವೆ. ನಮ್ಮಲ್ಲಿ ಅಷ್ಟು ಟೇಪನ್ನು ಒಬ್ಬರೇ ಕೂಡಿಹಾಕಬೇಕಾಗಿಲ್ಲ. ಊರಿನ ಮನೆಮನೆಗಳೇ ಕೂಡಿಹಾಕಿವೆ. ಕೊರತೆ ಇರುವುದು ಓಡಿಸುವ ಜಾಗದ್ದು.

ಆ ಜಾಗ ತಾಲ್ಲೂಕು ಗ್ರಂಥಾಲಯವಾಗಲಿ. ಸಂವಿಧಾನದ 371(ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಇಂಥ ಕೆಲಸಕ್ಕೆ ಬೇಕಾದ ಹಣ ಅದರ ಲೆಕ್ಕದಲ್ಲಿ ಕಣ್ಣಿಗೂ ಬೀಳದಷ್ಟು ಸಣ್ಣದು. ಗುಲಬರ್ಗಾ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ದೊಡ್ಡಾಟ, ರಿವಾಯತ, ಸೋಬಾನ ಪದಗಳಿರುವ ಟೇಪುಗಳಿಗೆ ಊರು, ವರ್ಷ, ಮೇಳದ ಹೆಸರು ಬರೆದು ಪಟ್ಟಿ ಮಾಡಲಿ. ಚಿತ್ರದ ಮೂಲೆಯಲ್ಲಿ ಕಾಣುವ ತಾರೀಕನ್ನು ಪೂರ್ತಿ ನಂಬದೆ, ಕ್ಯಾಮೆರಾದ ಗಡಿಯಾರ ಸರಿಯಿತ್ತೇ ಎಂದು ಊರವರನ್ನು ಕೇಳಿ ಬರೆದುಕೊಳ್ಳಲಿ. ನೋಡಿದವರು ಬದುಕಿರುವಾಗಲೇ ಆಗಬೇಕಾದ ಕೆಲಸ ಅದು.

ಆದರೆ ಹಣಕ್ಕೂ ಆದೇಶಕ್ಕೂ ಮುಂಚೆ ಆಗಬೇಕಾದದ್ದೊಂದಿದೆ. ತಂಪಾದ ಗೂಡಿನಲ್ಲಿರುವ ಟೇಪು ಇನ್ನೂ ಕೆಲವು ವರ್ಷ ತಾಳಿಕೊಂಡೀತು. ಯಂತ್ರಗಳಲ್ಲಿ ನಾಲ್ಕನ್ನು ಬಿಚ್ಚಿ ಒಂದನ್ನು ಜೋಡಿಸಬಹುದು. ಆ ಜೋಡಿಸುವ ಕೈಗಳಿಗೆ ಮಾತ್ರ ವಯಸ್ಸಾಗುತ್ತಿದೆ. ವಿಸಿಆರ್ ಕಾಲದಲ್ಲಿ ರಿಪೇರಿ ಕಲಿತ ಟಿವಿ ಮೆಕ್ಯಾನಿಕ್ಕುಗಳು ಈಗ ಮೊಬೈಲ್ ಅಂಗಡಿ ಇಟ್ಟಿದ್ದಾರೆ, ಇಲ್ಲವೇ ಹೊಲಕ್ಕೆ ಮರಳಿದ್ದಾರೆ. ಅವರನ್ನು ಹುಡುಕಿ ಗೌರವಧನ ಕೊಟ್ಟು, ಊರಿನ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರನ್ನು ಅವರ ಪಕ್ಕದಲ್ಲಿ ಕೂಡಿಸಬೇಕು. ಬೆಲ್ಟು ಬದಲಿಸುವುದು, ಹೆಡ್ಡು ಒರೆಸುವುದು, ಹರಿದ ಟೇಪು ಕೂಡಿಸುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಒಬ್ಬರ ಕೈ ನೋಡಿ ಇನ್ನೊಬ್ಬರ ಕೈ ಕಲಿಯಬೇಕು. ಸುರಪುರ, ಶಹಾಪುರ, ಯಾದಗಿರಿಯಲ್ಲಿ ಒಬ್ಬೊಬ್ಬರಾದರೂ ಹೀಗೆ ಕಲಿತು ನಿಂತರೆ ಉಳಿದ ಕೆಲಸಕ್ಕೆ ಕಾಲಾವಕಾಶ ಸಿಗುತ್ತದೆ. ಅದಕ್ಕೇ ಶುರು ಮಾಡಬೇಕಾದದ್ದು ಅಲ್ಲಿಂದ, ಈ ವರ್ಷವೇ.